ಓದುಗರ ಪ್ರಶ್ನೆ, ನಮ್ಮ ಉತ್ತರ: ಕಂಪ್ಯೂಟರು ಓದಿ ಕಲಿಯುವುದೆಂದರೆ

ಕಳೆದ ಸಂಚಿಕೆಯಲ್ಲಿ ಬೇರೊಂದು ಪ್ರಶ್ನೆಗೆ ಉತ್ತರಿಸುವಾಗ, “ಸಂಗತಿಗಳನ್ನು ಒಂದೊಂದಾಗಿ ಕೈಯಿಂದ ತುಂಬುವ ಬದಲು, ಅಂತರಜಾಲದ ಬರಹವನ್ನು ಓದಿಸಿ ಕಂಪ್ಯೂಟರಿಗೆ ಕಲಿಸುತ್ತಾರೆ” ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಒಂದು ವಾಕ್ಯ ಮೈಸೂರು, ಮಂಡ್ಯ ಎರಡೂ ಜಿಲ್ಲೆಗಳ ಓದುಗರಿಂದ ಇಷ್ಟೊಂದು ಪತ್ರಗಳನ್ನು ತರಿಸೀತೆಂದು ನಾನು ಎಣಿಸಿರಲಿಲ್ಲ. ಒಂದನ್ನೊಂದು ಹೋಲುವ ಪ್ರಶ್ನೆಗಳನ್ನು ಕೂಡಿಸಿ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಕಂಪ್ಯೂಟರಿಗೆ ಅರ್ಥ ತಿಳಿಯದು ಎನ್ನುತ್ತೀರಿ, ಓದಿ ಕಲಿಯುತ್ತದೆ ಎಂದೂ ಹೇಳುತ್ತೀರಿ. ಎಂಟನೆಯ ತರಗತಿಯ ಮಕ್ಕಳಿಗೆ ಇದನ್ನು ನಾನು ಹೇಗೆ ವಿವರಿಸಲಿ?
— ವಿಜ್ಞಾನ ಶಿಕ್ಷಕಿ, ಪಾಂಡವಪುರ

ಉತ್ತರ: ಕರಿಹಲಗೆಯ ಮೇಲೆ ಹೀಗೊಂದು ವಾಕ್ಯ ಬರೆಯಿರಿ: “ಅವರ ತೋಟದಲ್ಲಿ ಸೀಬೆ, ಸಪೋಟ, ಹಲಸು, ಮುಡಂಗಿಲ ಮೊದಲಾದ ಹಣ್ಣುಗಳು ಬೆಳೆಯುತ್ತವೆ.” ಮುಡಂಗಿಲ ಎಂದರೆ ಏನೆಂದು ಮಕ್ಕಳನ್ನು ಕೇಳಿ. ಅದು ನಾನು ಈಗಷ್ಟೇ ಹುಟ್ಟಿಸಿದ, ಅರ್ಥವಿಲ್ಲದ ಪದ; ಆದರೂ ತರಗತಿಯೆಲ್ಲ ಒಂದೇ ದನಿಯಲ್ಲಿ ಹಣ್ಣು ಎನ್ನುತ್ತದೆ. ಯಾರೂ ಅದನ್ನು ತಿಂದಿಲ್ಲ, ಕಂಡಿಲ್ಲ. ವಾಕ್ಯದ ಕಟ್ಟಡವೇ ಅವರಿಗೆ ಅದನ್ನು ಹೇಳಿಕೊಟ್ಟಿತು. ಕಂಪ್ಯೂಟರು ಮಾಡುವುದೂ ಬಹುಮಟ್ಟಿಗೆ ಇಷ್ಟೇ, ಆದರೆ ಕೋಟಿಗಟ್ಟಲೆ ವಾಕ್ಯಗಳ ಮೇಲೆ, ಬೇಸರವಿಲ್ಲದೆ ಮಾಡುತ್ತದೆ.

ಈ ಉಪಾಯವನ್ನು ಕ್ರಮಬದ್ಧವಾಗಿ ಮುಂದಿಟ್ಟವರು ಅಮೆರಿಕದ ಸಂಶೋಧಕಿ ಮಾರ್ಟಿ ಹರ್ಸ್ಟ್, 1992ರಲ್ಲಿ. ಅವರು ತಮ್ಮ ಪ್ರಬಂಧದಲ್ಲಿ ಉದಾಹರಿಸಿದ ಇಂಗ್ಲಿಷ್ ವಾಕ್ಯದಲ್ಲಿ ಬಂಬಾರ ಎನ್‌ಡಾಂಗ್ ಎಂಬ, ಹೆಚ್ಚಿನ ಓದುಗರು ಕೇಳಿಯೇ ಇರದ ಹೆಸರೊಂದು ಬರುತ್ತದೆ. ಆದರೆ ವಾಕ್ಯವನ್ನು ಓದಿ ಮುಗಿಸುವಷ್ಟರಲ್ಲಿ ಅದೊಂದು ಬಗೆಯ ತಂತಿವಾದ್ಯ ಎಂಬುದು ತಾನಾಗಿಯೇ ತಿಳಿದುಬಿಡುತ್ತದೆ. ಇಂಗ್ಲಿಷಿನಲ್ಲಿ ‘ಹಣ್ಣುಗಳು’ ಎಂಬಂಥ ವರ್ಗದ ಹೆಸರು ಮೊದಲು ಬಂದು ಉದಾಹರಣೆಗಳು ಆಮೇಲೆ ಬರುವುದು ಹೆಚ್ಚು. ನಮ್ಮಲ್ಲಿ ಕ್ರಮ ತಿರುಗುಮುರುಗು: ಉದಾಹರಣೆಗಳು ಮೊದಲು ಸಾಲುಗಟ್ಟುತ್ತವೆ, ‘ಮೊದಲಾದ’, ‘ಮುಂತಾದ’, ‘ಎಂಬ’ ಎನ್ನುವ ಪದಗಳು ಕೀಲಿನಂತೆ ನಡುವೆ ನಿಲ್ಲುತ್ತವೆ, ವರ್ಗದ ಹೆಸರು ಕೊನೆಗೆ ಬರುತ್ತದೆ. ಆದ್ದರಿಂದ ಇಂಗ್ಲಿಷಿಗೆ ಮಾಡಿದ ಏರ್ಪಾಡನ್ನು ಕನ್ನಡಕ್ಕೆ ಹಾಗೆಯೇ ತಂದು ಕೂರಿಸಲಾಗದು. ಕೀಲು ಎಲ್ಲಿದೆಯೆಂದು ಹೊಸದಾಗಿ ಹುಡುಕಬೇಕಾಗುತ್ತದೆ.

ಎರಡನೆಯ ಹೆಜ್ಜೆ ಇನ್ನೂ ಸೊಗಸು. ಅಲ್ಲಿ ವಾಕ್ಯದ ಅಚ್ಚನ್ನೂ ನಾವು ಕೊಡುವುದಿಲ್ಲ, ನಾಲ್ಕಾರು ಸಂಗತಿಗಳನ್ನು ಮಾತ್ರ ಕೊಡುತ್ತೇವೆ. ಮದ್ದೂರು ಇರುವುದು ಮಂಡ್ಯ ಜಿಲ್ಲೆಯಲ್ಲಿ, ಹುಣಸೂರು ಇರುವುದು ಮೈಸೂರು ಜಿಲ್ಲೆಯಲ್ಲಿ ಎಂದು ಹೇಳಿಕೊಟ್ಟೆವೆನ್ನಿ. ಈ ಜೋಡಿ ಹೆಸರುಗಳು ಒಟ್ಟಿಗೆ ಬರುವ ವಾಕ್ಯಗಳನ್ನು ಕಂಪ್ಯೂಟರು ಹೆಕ್ಕುತ್ತದೆ. “ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ…” ಎಂಬ ಸಾಲಿನಿಂದ ಹೆಸರುಗಳನ್ನು ಕಳಚಿದರೆ “ಇಂಥ ಜಿಲ್ಲೆಯ ಇಂಥ ತಾಲ್ಲೂಕಿನ” ಎಂಬ ಖಾಲಿ ಅಚ್ಚು ಉಳಿಯುತ್ತದೆ. ಆಲೆಮನೆಯಲ್ಲಿ ಹದವಾದ ಪಾಕವನ್ನು ಅಚ್ಚಿಗೆ ಸುರಿದಂತೆ ಉಳಿದ ಬರಹವನ್ನೆಲ್ಲ ಈ ಅಚ್ಚಿಗೆ ಸುರಿದರೆ ನಾಗಮಂಗಲ–ಮಂಡ್ಯ, ನಂಜನಗೂಡು–ಮೈಸೂರು ಎಂಬ ಹೊಸ ಜೋಡಿಗಳು ಹೊರಬೀಳುತ್ತವೆ. ಆ ಹೊಸ ಜೋಡಿಗಳು ಮತ್ತೆ ಹೊಸ ಅಚ್ಚುಗಳನ್ನು ತೋರಿಸುತ್ತವೆ. ಗೂಗಲ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಸೆರ್ಗಿ ಬ್ರಿನ್ 1998ರಲ್ಲಿ ಇದನ್ನೇ ಪುಸ್ತಕ ಮತ್ತು ಲೇಖಕರ ಜೋಡಿಗಳ ಮೇಲೆ ಮಾಡಿ ತೋರಿಸಿದರು. ಕೈಯಿಂದ ಕೊಟ್ಟದ್ದು ಐದೇ ಜೋಡಿ. ಕೊನೆಗೆ ಪಟ್ಟಿಯಲ್ಲಿ ಇದ್ದದ್ದು 15,000ಕ್ಕೂ ಹೆಚ್ಚು ಪುಸ್ತಕಗಳು.

ಪ್ರಶ್ನೆ: ಇಂಥ ಯಂತ್ರವನ್ನು ನಿಜವಾಗಿ ಯಾರಾದರೂ ದೀರ್ಘಕಾಲ ಓಡಿಸಿದ್ದಾರೆಯೇ? ಫಲಿತಾಂಶವೇನು?
— ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ಉತ್ತರ: ಓಡಿಸಿದ್ದಾರೆ. ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ಅವರ ತಂಡ 2010ರ ಜನವರಿಯಲ್ಲಿ ‘ನೆವರ್ ಎಂಡಿಂಗ್ ಲ್ಯಾಂಗ್ವೇಜ್ ಲರ್ನರ್’, ಎಂದರೆ ಕಲಿಕೆ ಮುಗಿಸದ ಭಾಷಾ ವಿದ್ಯಾರ್ಥಿ, ಎಂಬ ವ್ಯವಸ್ಥೆಯನ್ನು ಆರಂಭಿಸಿ ಹಗಲೂ ರಾತ್ರಿ ಓದಲು ಬಿಟ್ಟಿತು. ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ‘ನೆಲ್’ ಎಂದು ಕರೆದರು. ಬತ್ತಕ್ಕೆ ‘ನೆಲ್ಲು’ ಎನ್ನುವ ಹಳೆಯ ಮಾತನ್ನು ಬಲ್ಲ ಮಂಡ್ಯದವರಿಗೆ ಈ ಹೆಸರು ಬೇರೆ ರೀತಿಯಲ್ಲಿ ಕೇಳಿಸೀತು. ತೂರಿ ಜೊಳ್ಳು ತೆಗೆಯುವ ಕೆಲಸವೇ ಅದಕ್ಕೂ ಮುಖ್ಯವಾಯಿತೆಂಬುದು ಆಕಸ್ಮಿಕದ ಹೊಂದಾಣಿಕೆ.

ಅದಕ್ಕೆ ಆರಂಭದಲ್ಲಿ ಕೊಟ್ಟ ಬುತ್ತಿ ಸಣ್ಣದು: ನಗರ, ಕಂಪನಿ, ಕ್ರೀಡಾಪಟು ಎಂಬಂಥ 123 ವರ್ಗಗಳು, ‘ಈ ಕಂಪನಿ ಈ ನಗರದಲ್ಲಿದೆ’ ಎಂಬಂಥ 55 ಸಂಬಂಧಗಳು, ಒಂದೊಂದಕ್ಕೂ ಹತ್ತು ಹದಿನೈದು ಉದಾಹರಣೆಗಳು. ಓದಲು ಸುಮಾರು 50 ಕೋಟಿ ಜಾಲಪುಟಗಳು. ಮೊದಲ 67 ದಿನಗಳಲ್ಲಿ ಅದು 2,42,000ಕ್ಕೂ ಹೆಚ್ಚು ಸಂಗತಿಗಳನ್ನು ಕೂಡಿಹಾಕಿತು. ತಂಡದವರು ಮಾದರಿ ತೆಗೆದು ಪರೀಕ್ಷಿಸಿದಾಗ ಅವುಗಳಲ್ಲಿ ಸುಮಾರು 74 ಪ್ರತಿಶತ ಸರಿಯಾಗಿವೆ ಎಂದು ಕಂಡಿತು. ಹೆಚ್ಚಿನವರು ಈ ಎರಡು ಅಂಕಿಗಳನ್ನು ಹೇಳಿ ನಿಲ್ಲಿಸುತ್ತಾರೆ. ಆದರೆ ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವಿದೆ, ನೀವು ಎಂಜಿನಿಯರಿಂಗ್ ಓದುತ್ತಿರುವುದರಿಂದ ನಿಮಗೆ ಅದನ್ನೇ ಒತ್ತಿ ಹೇಳಬೇಕು. ಓಟವನ್ನು ಮೂರು ಭಾಗ ಮಾಡಿ ನೋಡಿದರೆ, ಮೊದಲ ಭಾಗದಲ್ಲಿ ಕಲಿತದ್ದರಲ್ಲಿ 90 ಪ್ರತಿಶತ ಸರಿ, ಎರಡನೆಯದರಲ್ಲಿ 71, ಮೂರನೆಯದರಲ್ಲಿ 57. ಕಲಿಯುತ್ತ ಹೋದಂತೆ ಕಲಿಕೆ ಕೆಡುತ್ತ ಹೋಯಿತು.

ಏಕೆಂದರೆ ನಿನ್ನೆ ಕಲಿತದ್ದೇ ಇಂದಿನ ಪಾಠದ ಆಧಾರ. ನೆಲ್‌ನ ಪ್ರಸಿದ್ಧ ಎಡವಟ್ಟು ಬಿಸ್ಕತ್ತಿನದು. ಇಂಗ್ಲಿಷಿನಲ್ಲಿ ಒಂದು ಬಗೆಯ ಬಿಸ್ಕತ್ತಿಗೆ ‘ಕುಕಿ’ ಎನ್ನುತ್ತಾರೆ; ಜಾಲತಾಣಗಳು ನಮ್ಮ ಕಂಪ್ಯೂಟರಿನಲ್ಲಿ ಬಿಟ್ಟುಹೋಗುವ ಸಣ್ಣ ಕಡತಕ್ಕೂ ಅದೇ ಹೆಸರು. ‘ಇಂಟರ್ನೆಟ್ ಕುಕಿ’ ಎಂಬುದನ್ನು ನೆಲ್ ಬೇಕರಿ ತಿನಿಸುಗಳ ಪಟ್ಟಿಗೆ ಸೇರಿಸಿತು. ಬಳಿಕ ಜನರು ಕುಕಿಗಳನ್ನು ‘ಅಳಿಸಿಹಾಕಿದೆ’ ಎಂದು ಬರೆಯುವುದನ್ನು ಕಂಡಿತು. ಹಾಗಾದರೆ ಅಳಿಸಿಹಾಕುವಂಥವೆಲ್ಲ ಬೇಕರಿ ತಿನಿಸುಗಳೇ ಇರಬೇಕೆಂದು ಕಂಪ್ಯೂಟರಿನ ಕಡತಗಳನ್ನೂ ಅದೇ ಪಟ್ಟಿಗೆ ಹಾಕಿತು. ಒಂದು ತಪ್ಪು ಹೆಸರಿನಿಂದ ತಪ್ಪು ಅಚ್ಚು, ಆ ಅಚ್ಚಿನಿಂದ ಇನ್ನಷ್ಟು ತಪ್ಪು ಹೆಸರುಗಳು. ಮೊದಲು ಅದನ್ನು ಬಹುಮಟ್ಟಿಗೆ ಅದರ ಪಾಡಿಗೆ ಬಿಟ್ಟಿದ್ದ ತಂಡ, ಆಮೇಲೆ ಆಗಾಗ ಇಣುಕಿ ಇಂಥ ತಪ್ಪುಗಳನ್ನು ತಿದ್ದಿಕೊಡತೊಡಗಿತು.

ತಪ್ಪುಗಳನ್ನು ತಡೆಯಲು ವ್ಯವಸ್ಥೆಯ ಒಳಗೇ ಕಾವಲುಗಳಿದ್ದವು. ಒಂದು ಭಾಗ ವಾಕ್ಯಗಳ ಅಚ್ಚನ್ನು ನೋಡುತ್ತಿತ್ತು, ಇನ್ನೊಂದು ಪುಟಗಳಲ್ಲಿರುವ ಪಟ್ಟಿ ಮತ್ತು ಕೋಷ್ಟಕಗಳನ್ನು, ಮೂರನೆಯದು ಹೆಸರಿನ ಆಕಾರವನ್ನು. ನಾಲ್ಕನೆಯದು ಈಗಾಗಲೇ ತಿಳಿದ ಸಂಗತಿಗಳಿಂದ ಹೊಸದನ್ನು ಊಹಿಸುವ ಸೂತ್ರಗಳನ್ನು ಕಟ್ಟುತ್ತಿತ್ತು. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಭಾಗಗಳು ಒಪ್ಪಿದರೆ ನಂಬಿಕೆ ಹೆಚ್ಚುತ್ತದೆ. ನಗರವೆಂದು ಬರೆದಿಟ್ಟದ್ದನ್ನು ವ್ಯಕ್ತಿಯೆಂದು ಇನ್ನೊಂದು ಭಾಗ ಹೇಳಿದರೆ ಜಗಳ ಬಿದ್ದು ಸಂಗತಿ ಹೊರಗುಳಿಯುತ್ತದೆ. ಹೆಸರಿನ ಆಕಾರವನ್ನು ನೋಡುವ ಭಾಗವೊಂದನ್ನೇ ಕನ್ನಡದಲ್ಲಿ ನಂಬಿ ಕೂತರೆ ಏನಾಗುತ್ತದೆಂದು ನೀವೇ ಕಾಗದದ ಮೇಲೆ ಮಾಡಿ ನೋಡಬಹುದು. ಮದ್ದೂರು, ಹುಣಸೂರು, ಮೈಸೂರು ಎಂದು ಕೊಡಿ. ‘ಊರು’ ಎಂಬ ಉಲಿಯಿಂದ ಮುಗಿಯುವುದು ಊರಿನ ಹೆಸರು ಎಂಬ ಪಾಠ ಸಿಗುತ್ತದೆ. ಮರುದಿನ ನಿಮ್ಮ ಊರುಗಳ ಪಟ್ಟಿಯಲ್ಲಿ ಮೂರು, ನೂರು, ಚೂರು ಮೂರೂ ಬಂದು ಕುಳಿತಿರುತ್ತವೆ.

ಪ್ರಶ್ನೆ: ಕೆ.ಆರ್.ಎಸ್. ಅಣೆಕಟ್ಟೆ ನಮ್ಮ ಮಂಡ್ಯ ಜಿಲ್ಲೆಯಲ್ಲಿದೆ. ಮೊಬೈಲನ್ನು ಕೇಳಿದರೆ ಒಮ್ಮೆ ಮಂಡ್ಯ, ಒಮ್ಮೆ ಮೈಸೂರು ಎನ್ನುತ್ತದೆ. ಓದಿ ಕಲಿತ ಯಂತ್ರಕ್ಕೆ ಇಷ್ಟೂ ತಿಳಿಯದೇ?
— ನಿವೃತ್ತ ನೀರಾವರಿ ನೌಕರರು, ಶ್ರೀರಂಗಪಟ್ಟಣ

ಉತ್ತರ: ಓದಿದ್ದರಿಂದಲೇ ಹಾಗೆ ಹೇಳುತ್ತದೆ ಸ್ವಾಮಿ. ಅಣೆಕಟ್ಟೆಯೂ ಬೃಂದಾವನವೂ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಪ್ರವಾಸಿಗಳು ಇಳಿಯುವುದು ಮೈಸೂರಿನಲ್ಲಿ. ಪ್ರವಾಸದ ಬಗ್ಗೆ ಬರೆಯುವವರು ‘ಮೈಸೂರಿನ ಬೃಂದಾವನ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಬಹಳ ಹಿಂದೆ ನಾನೂ ಹಾಗೆಯೇ ಬರೆದು, ಮಂಡ್ಯದಿಂದ ಒಂದು ಅಂಚೆ ಕಾರ್ಡು ಬಂದಿತ್ತು. ವಿಳಾಸ ಬಿಟ್ಟರೆ ಅದರಲ್ಲಿ ಇದ್ದದ್ದು ಒಂದೇ ಸಾಲು: “ಬೃಂದಾವನ ನಮ್ಮದು.” ಆ ಕಾರ್ಡು ಈಗಲೂ ನನ್ನ ಬಳಿ ಇದೆ.

ಇಂಥಲ್ಲಿ ಯಂತ್ರ ಏನು ಮಾಡಬೇಕು? ಒಂದೇ ಪುಟದಲ್ಲಿ ಕಂಡದ್ದನ್ನು ನಂಬುವ ಬದಲು, ಹಲವು ಕಡೆ, ಹಲವು ಬಗೆಯ ವಾಕ್ಯಗಳಲ್ಲಿ ಕಂಡದ್ದನ್ನು ಹೆಚ್ಚು ನಂಬುವುದು ಒಂದು ದಾರಿ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓರೆನ್ ಎಟ್ಜಿಯೋನಿ ಮತ್ತು ಅವರ ಜೊತೆಗಾರರು 2000ರ ದಶಕದಲ್ಲಿ ಇದೇ ತತ್ತ್ವದ ಮೇಲೆ ದುಡಿದು, ಒಂದು ಹೇಳಿಕೆ ಎಷ್ಟು ಸಲ ಮರುಕಳಿಸಿದರೆ ಅದು ನಿಜವಾಗಿರುವ ಸಂಭವ ಎಷ್ಟು ಎಂಬುದಕ್ಕೆ ಗಣಿತವನ್ನೂ ಕಟ್ಟಿದರು. ಈ ಲೆಕ್ಕದ ಹಿಂದೆ ಒಂದು ಊಹೆಯಿದೆ: ಹೇಳುವವರೆಲ್ಲ ಒಬ್ಬರನ್ನೊಬ್ಬರು ಕೇಳದೆ ತಾವು ತಾವೇ ಹೇಳುತ್ತಿದ್ದಾರೆ ಎಂಬುದು. ಅಂತರಜಾಲದಲ್ಲಿ ಹಾಗಿಲ್ಲ. ಒಬ್ಬರು ಬರೆದದ್ದನ್ನು ನೂರು ಮಂದಿ ಅಕ್ಷರ ತಪ್ಪಿನ ಸಮೇತ ಎತ್ತಿ ಹಾಕಿಕೊಳ್ಳುತ್ತಾರೆ. ನೂರು ಸಾಕ್ಷಿ ಇದ್ದಂತೆ ಕಂಡರೂ ಅಲ್ಲಿರುವ ಸಾಕ್ಷಿ ಒಂದೇ. ಅದೇ ಅಕ್ಷರ ತಪ್ಪುಗಳ ಜಾಡು ಹಿಡಿದು ನಕಲನ್ನು ಪತ್ತೆಹಚ್ಚುವ ವಿಧಾನಗಳೂ ಇವೆ, ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಮೇಷ್ಟ್ರುಗಳಿಗೆ ಇದು ಹೊಸದೇನೂ ಅಲ್ಲ.

ನಿಮ್ಮ ಪ್ರಶ್ನೆಯಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಅಣೆಕಟ್ಟೆಯ ಕೆಲಸ ಆರಂಭವಾದದ್ದು 1911ರಲ್ಲಿ, ಮುಗಿದದ್ದು 1930ರ ದಶಕದ ಆರಂಭದಲ್ಲಿ. ಆಗ ಈ ಭಾಗವೆಲ್ಲ ಮೈಸೂರು ಜಿಲ್ಲೆಗೆ ಸೇರಿತ್ತು. ಆದ್ದರಿಂದ ಅಂದಿನ ದಾಖಲೆಯೊಂದು ಅಣೆಕಟ್ಟೆ ಮೈಸೂರು ಜಿಲ್ಲೆಯಲ್ಲಿದೆ ಎಂದರೆ ಅದು ತಪ್ಪು ಬರೆಯಲಿಲ್ಲ. ಇಂದಿನ ಪ್ರವಾಸಿ ಪುಟ ಅದೇ ಮಾತು ಬರೆದರೆ ಅದು ತಪ್ಪು. ಅಕ್ಷರಗಳು ಅವೇ, ಸತ್ಯ ಬೇರೆ. ಸಂಗತಿಗೆ ತಾರೀಖು ಕಟ್ಟದೆ ದಾಸ್ತಾನು ಮಾಡುವ ಯಂತ್ರ ಇಲ್ಲಿ ಎಡವದೆ ಇರಲು ಸಾಧ್ಯವಿಲ್ಲ.

ನೀವು ನೀರಾವರಿಯವರಾದ್ದರಿಂದ ಈ ಉದಾಹರಣೆ ನಿಮಗೆ ತಟ್ಟನೆ ಹಿಡಿಸೀತು. ಮಳೆಗಾಲದಲ್ಲಿ ಪತ್ರಿಕೆಯ ಮೂಲೆಯಲ್ಲಿ ದಿನವೂ ಒಂದು ಪುಟ್ಟ ಚೌಕ ಬರುತ್ತದೆ: ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಮೊದಲನೆಯದು ಎಂದೆಂದಿಗೂ 124.80 ಅಡಿ. ಉಳಿದ ಮೂರು ದಿನದಿನಕ್ಕೆ ಬೇರೆ. ಒಂದೇ ಚೌಕದೊಳಗೆ, ಒಂದೇ ಅಕ್ಷರ ಗಾತ್ರದಲ್ಲಿ, ಸ್ಥಿರವಾದ ಸಂಗತಿಯೂ ಸಂಜೆಯೊಳಗೆ ಹಳತಾಗುವ ಸಂಗತಿಯೂ ಪಕ್ಕಪಕ್ಕ ಕುಳಿತಿವೆ. ನೂರು ದಿನಗಳ ಪತ್ರಿಕೆ ಓದಿದ ಯಂತ್ರ ‘ಇಂದಿನ ಮಟ್ಟ’ಕ್ಕೆ ನೂರು ಉತ್ತರ ಕಂಡು, ಇವುಗಳಲ್ಲಿ ಹೆಚ್ಚು ಸಲ ಬಂದದ್ದೇ ಸರಿ ಎಂದು ತೀರ್ಮಾನಿಸಿದರೆ, ಅದಕ್ಕಿಂತ ಅಸಂಬದ್ಧ ಇನ್ನೊಂದಿಲ್ಲ. ಯಾವ ಬಗೆಯ ಸಂಗತಿಗೆ ಒಂದೇ ಉತ್ತರವಿರಬೇಕು, ಯಾವುದಕ್ಕೆ ದಿನಕ್ಕೊಂದು ಇರಬಹುದು ಎಂಬುದನ್ನು ಮೊದಲೇ ಹೇಳಿಕೊಡಬೇಕಾಗುತ್ತದೆ.

ಪ್ರಶ್ನೆ: ಇಷ್ಟೆಲ್ಲ ಇಂಗ್ಲಿಷಿನ ಮಾತಾಯಿತು. ಕನ್ನಡ ಬರಹವನ್ನೇ ಓದಿ ಕಲಿಯುವ ಯಂತ್ರಕ್ಕೆ ಏನು ಅಡ್ಡಿ? ನಮ್ಮ ಭಾಷೆಯ ರಚನೆಯೇ ಅಡ್ಡಿಯೋ, ಬರಹದ ಕೊರತೆಯೋ?
— ಕನ್ನಡ ಸಂಶೋಧನಾ ವಿದ್ಯಾರ್ಥಿನಿ, ಮಾನಸಗಂಗೋತ್ರಿ, ಮೈಸೂರು

ಉತ್ತರ: ಎರಡೂ, ಆದರೆ ಕೊರತೆಯದೇ ದೊಡ್ಡ ಪಾಲು ಎಂಬುದು ನನ್ನ ಅಭಿಪ್ರಾಯ. ರಚನೆಯ ತೊಡಕುಗಳನ್ನು ಮೊದಲು ನೋಡೋಣ, ಅವು ನಿಮ್ಮ ಕ್ಷೇತ್ರಕ್ಕೆ ಹತ್ತಿರದವು.

ಇಂಗ್ಲಿಷಿನಲ್ಲಿ ಊರಿನ ಹೆಸರು ಎಲ್ಲಿ ಬಂದರೂ ಬಹುಮಟ್ಟಿಗೆ ಅದೇ ರೂಪದಲ್ಲಿರುತ್ತದೆ. ನಮ್ಮಲ್ಲಿ ಮೈಸೂರು, ಮೈಸೂರಿನಲ್ಲಿ, ಮೈಸೂರಿಗೆ, ಮೈಸೂರಿನಿಂದ, ಮೈಸೂರಿನವರು, ಮೈಸೂರೆಂಬ ಎಂದು ಅದು ರೂಪ ಬದಲಿಸುತ್ತಲೇ ಇರುತ್ತದೆ. ಇವೆಲ್ಲ ಒಂದೇ ಊರು ಎಂದು ಬಿಡಿಸಿ ತೋರಿಸದಿದ್ದರೆ, ಇರುವ ಸ್ವಲ್ಪ ಬರಹವೂ ಹತ್ತು ಬೇರೆ ಬೇರೆ ಪದಗಳಿಗೆ ಹಂಚಿಹೋಗಿ ಯಾವುದಕ್ಕೂ ಸಾಕಷ್ಟು ಪುರಾವೆ ಸಿಗುವುದಿಲ್ಲ. ಬಿಡಿಸಿದ ಮೇಲೂ ಯಾವ ಮೈಸೂರು ಎಂಬ ಪ್ರಶ್ನೆ ಉಳಿಯುತ್ತದೆ: ನಗರವೇ, ಜಿಲ್ಲೆಯೇ, ಒಡೆಯರ ಸಂಸ್ಥಾನವೇ, 1973ರ ನವೆಂಬರ್ 1ರವರೆಗೆ ಆ ಹೆಸರು ಹೊತ್ತಿದ್ದ ರಾಜ್ಯವೇ? 2014ರಲ್ಲಿ ಇಂಗ್ಲಿಷ್ ಕಾಗುಣಿತ ಬದಲಾಯಿತು, ಕನ್ನಡದಲ್ಲಿ ಬದಲಾಗಲು ಏನೂ ಇರಲಿಲ್ಲ.

ಹೆಸರುಗಳ ಗೋಜಲು ಇನ್ನೂ ಮೋಜಿನದು. ಕನ್ನಂಬಾಡಿ ಕಟ್ಟೆ, ಕೃಷ್ಣರಾಜಸಾಗರ, ಕೆ.ಆರ್.ಎಸ್. ಮೂರೂ ಒಂದೇ. ಆದರೆ ಕೆ.ಆರ್. ಪೇಟೆ ಮಂಡ್ಯ ಜಿಲ್ಲೆಯಲ್ಲಿ, ಕೆ.ಆರ್. ನಗರ ಮೈಸೂರು ಜಿಲ್ಲೆಯಲ್ಲಿ, ಕೆ.ಆರ್. ಪುರ ಬೆಂಗಳೂರಿನಲ್ಲಿ, ಕೆ.ಆರ್. ವೃತ್ತ ಮೈಸೂರಿನಲ್ಲೂ ಉಂಟು, ಬೆಂಗಳೂರಿನಲ್ಲೂ ಉಂಟು. ಹಿಂದೆ ಹೇಳಿದ ಬಿಸ್ಕತ್ತಿನ ಕತೆಗೆ ಕನ್ನಡದ ಜೋಡಿ ಬೇಕೆಂದರೆ ‘ಅರಸು’ ಎಂಬ ಪದ ತೆಗೆದುಕೊಳ್ಳಿ. ಕೃಷ್ಣರಾಜರು ಅರಸರು, ಚಿಕ್ಕದೇವರಾಜರು ಅರಸರು ಎಂದು ಬೀಜ ಹಾಕಿದಿರಿ. ಯಂತ್ರ ‘ದೇವರಾಜ ಅರಸು’ ಎಂಬುದನ್ನು ಓದುತ್ತದೆ. ಹೆಸರಿನಲ್ಲೇ ಅರಸು ಇದೆ, ಆಳಿದರು ಎಂದೂ ಪತ್ರಿಕೆಗಳು ಬರೆದಿವೆ. ಸರಿ, ಇವರೂ ರಾಜರೇ. ಈಗ ‘ವಿಧಾನಸಭೆಯಲ್ಲಿ ಉತ್ತರಿಸಿದರು’, ‘ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು’ ಎಂಬ ಅಚ್ಚುಗಳು ರಾಜರ ಲಕ್ಷಣಗಳಾಗುತ್ತವೆ, ಮುಂದಿನ ಸುತ್ತಿಗೆ ಕರ್ನಾಟಕದ ಮುಖ್ಯಮಂತ್ರಿಗಳೆಲ್ಲ ಕಿರೀಟ ತೊಟ್ಟು ನಿಲ್ಲುತ್ತಾರೆ. ಇದು ನಾನು ಕಲ್ಪಿಸಿದ ಉದಾಹರಣೆ. ಆದರೆ ದಾರಿ ತಪ್ಪುವ ಬಗೆ ಇದೇ.

ಮತ್ತೊಂದೆಡೆ, ಇಂಗ್ಲಿಷಿಗಿಲ್ಲದ ಒಂದು ಅನುಕೂಲವೂ ನಮಗಿದೆ, ಇದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಕನ್ನಂಬಾಡಿಯನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆಗೆ ಕೆಲವರು ನಾಲ್ವಡಿ ಕೃಷ್ಣರಾಜ ಒಡೆಯರು ಎನ್ನುತ್ತಾರೆ, ಕೆಲವರು ಆಗ ಮುಖ್ಯ ಎಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರು ಎನ್ನುತ್ತಾರೆ, ಕಲ್ಲು ಹೊತ್ತವರ ಮೊಮ್ಮಕ್ಕಳು ಬೇರೆಯೇ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಇವರೆಲ್ಲರಿಗೂ ಒಂದೇ ಕ್ರಿಯಾಪದ ಸಾಕಾಗಿಬಿಡುತ್ತದೆ. ಕನ್ನಡದಲ್ಲಿ ‘ಕಟ್ಟಿದರು’ ಬೇರೆ, ‘ಕಟ್ಟಿಸಿದರು’ ಬೇರೆ. ನಡುವಿನ ಒಂದು ‘ಇಸು’ ಪ್ರತ್ಯಯ ದುಡಿದವರನ್ನೂ ದುಡಿಸಿದವರನ್ನೂ ಬೇರೆ ಮಾಡಿ ತೋರಿಸುತ್ತದೆ. ಎಚ್ಚರದಿಂದ ಬರೆದ ಕನ್ನಡವನ್ನು ಓದುವ ಯಂತ್ರಕ್ಕೆ ಇದು ಪುಕ್ಕಟೆ ಸಿಗುವ ಸುಳಿವು. ದುರದೃಷ್ಟಕ್ಕೆ ನಾವು ಎಚ್ಚರದಿಂದ ಬರೆಯುವುದಿಲ್ಲ.

ಇನ್ನು ಕೊರತೆಯ ಮಾತು. ಕನ್ನಡದಲ್ಲಿ ಬರೆದದ್ದು ಕಡಿಮೆ ಎಂದಲ್ಲ, ಯಂತ್ರದ ಕಣ್ಣಿಗೆ ಬೀಳುವುದು ಕಡಿಮೆ. ಬಹಳ ವರ್ಷ ನಾವು ಟೈಪು ಮಾಡಿದ್ದು ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ. ಪರದೆಯ ಮೇಲೆ ಅದು ಮುದ್ದಾದ ಕನ್ನಡ. ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅಂಥ ಕಡತದಿಂದ ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿದವರಿಗೆ ನಾನು ಹೇಳುವುದೇನೆಂದು ಗೊತ್ತು. ಹಳೆಯ ಪುಸ್ತಕಗಳು ಚಿತ್ರಗಳಾಗಿ ಏರಿವೆ. ಒತ್ತಕ್ಷರಗಳನ್ನು ಚಿತ್ರದಿಂದ ಓದುವಲ್ಲಿ ಯಂತ್ರ ಇನ್ನೂ ತಪ್ಪುತ್ತದೆ. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿದೆ, ಆದರೆ ನಡೆಸುವ ಕೈಗಳು ಕೆಲವೇ. ನಿಮ್ಮ ಆವರಣದ ಪಕ್ಕದಲ್ಲೇ, 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನವಿದೆ. ಭಾರತೀಯ ಭಾಷೆಗಳ ಪಠ್ಯ ಮತ್ತು ಧ್ವನಿಯನ್ನು ಯಂತ್ರಕ್ಕೆ ಒಗ್ಗುವಂತೆ ಸಂಗ್ರಹಿಸುವ ಯೋಜನೆ ಅಲ್ಲಿದೆ. ನಿಮ್ಮ ಸಂಶೋಧನೆಗೆ ವಿಷಯ ಹುಡುಕುತ್ತಿದ್ದರೆ, ‘ಮೊದಲಾದ’, ‘ಮುಂತಾದ’, ‘ಎಂಬ’, ‘ಎನ್ನುವ’ ಈ ನಾಲ್ಕು ಕೀಲುಗಳ ಸುತ್ತ ಒಂದು ಸಂಗ್ರಹದಲ್ಲಿ ಏನೇನು ಸಿಗುತ್ತದೆಂದು ಎಣಿಸುವುದರಿಂದಲೇ ಆರಂಭಿಸಬಹುದು.

ಪ್ರಶ್ನೆ: ಈಗ ಎಲ್ಲರ ಫೋನಿನಲ್ಲೂ ಇರುವ, ಕೇಳಿದ್ದಕ್ಕೆ ನಿರರ್ಗಳವಾಗಿ ಉತ್ತರಿಸುವ ಚಾಟ್ ಯಂತ್ರಗಳೂ ಹೀಗೆಯೇ ಕಲಿತವೇ?
— ಗ್ರಾಮ ಲೆಕ್ಕಾಧಿಕಾರಿ, ಕೆ.ಆರ್. ಪೇಟೆ ತಾಲ್ಲೂಕು

ಉತ್ತರ: ಓದಿದ ಸಾಮಗ್ರಿ ಹೆಚ್ಚು ಕಡಿಮೆ ಅದೇ, ಅಂತರಜಾಲದ ಬರಹ. ಇಟ್ಟುಕೊಂಡ ಬಗೆ ಬೇರೆ. ನಿಮ್ಮ ಕಚೇರಿಯ ಭಾಷೆಯಲ್ಲೇ ಹೇಳುತ್ತೇನೆ. ನೆಲ್‌ನಂಥ ವ್ಯವಸ್ಥೆ ಪಹಣಿಯನ್ನು ಹೋಲುತ್ತದೆ. ಸರ್ವೆ ನಂಬರಿನ ಎದುರು ಹೆಸರು, ಆ ಹೆಸರು ಯಾವ ಮ್ಯುಟೇಶನ್ನಿನಿಂದ ಬಂತು ಎಂಬ ನಂಬರು. ತಕರಾರು ಬಂದರೆ ಕಡತ ತೆಗೆದು ನೋಡಬಹುದು, ತಪ್ಪಿದ್ದರೆ ಆ ಒಂದು ಸಾಲನ್ನು ತಿದ್ದಬಹುದು. ನೆಲ್ ಕೂಡ ಪ್ರತಿ ಸಂಗತಿಯ ಜೊತೆ ಅದನ್ನು ಎಲ್ಲಿಂದ ಕಲಿತೆ, ಎಷ್ಟು ಖಚಿತ ಎಂಬುದನ್ನು ಬರೆದಿಡುತ್ತಿತ್ತು.

2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿಯಂಥ ಯಂತ್ರದ ಮೂಲ ಕಲಿಕೆಯಲ್ಲಿ ಇಂಥ ಕೋಷ್ಟಕವೇ ಇಲ್ಲ. ಒಂದು ಸಾಲಿನ ಮುಂದಿನ ಪದ ಯಾವುದಿರಬಹುದು ಎಂದು ಊಹಿಸುವ ಅಭ್ಯಾಸವನ್ನು ಅಪಾರ ಬರಹದ ಮೇಲೆ ಮಾಡಿಸಿ, ಪ್ರತಿ ಸಲ ತಪ್ಪಿದಾಗಲೂ ಒಳಗಿನ ಕೋಟಿಗಟ್ಟಲೆ ಸಂಖ್ಯೆಗಳನ್ನು ಒಂದಿಷ್ಟು ತಿರುಗಿಸುತ್ತಾರೆ. “ಮಂಡ್ಯ ಜಿಲ್ಲೆಯ ಅತಿ ಮುಖ್ಯ ಬೆಳೆ…” ಎಂಬುದರ ಮುಂದೆ ‘ಕಬ್ಬು’ ಎಂದು ಊಹಿಸಬೇಕಾದರೆ ಆ ಸಂಗತಿ ಎಲ್ಲೋ ಒಳಗೆ ಇಳಿದಿರಲೇಬೇಕು. ಆದರೆ ಎಲ್ಲಿ, ಯಾವ ಪುಟದಿಂದ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಇದು ಊರಿನ ಹಿರಿಯರೊಬ್ಬರು ಯಾವ ಜಮೀನು ಯಾರದೆಂದು ನೆನಪಿನಿಂದ ಹೇಳಿದಂತೆ: ಬಹಳ ಸಲ ಸರಿ, ಹೇಳುವ ಧಾಟಿ ಸದಾ ಖಚಿತ, ಮ್ಯುಟೇಶನ್ ನಂಬರು ಮಾತ್ರ ಸಿಗದು. ಗೊತ್ತಿಲ್ಲದ ಜಮೀನಿಗೂ ಅದೇ ಧಾಟಿಯಲ್ಲಿ ಒಬ್ಬ ಮಾಲೀಕನನ್ನು ಹೇಳಿಬಿಡುವುದೇ ಇದರ ದೊಡ್ಡ ಕಾಯಿಲೆ. ಇತ್ತೀಚೆಗೆ ಉತ್ತರಿಸುವ ಮೊದಲು ಪುಟಗಳ ಹುಡುಕಾಟ ನಡೆಸಿ, ಅವುಗಳ ಆಧಾರದ ಮೇಲೆ ಮಾತಾಡುವಂತೆ ಮಾಡುತ್ತಿರುವುದು ಹಿರಿಯರ ಕೈಗೆ ಪಹಣಿ ಕೊಟ್ಟು ಕೂರಿಸಿದಂತೆ. ಆ ಪುಟಗಳೇ ತಪ್ಪಿದ್ದರೆ ಮೇಲಿನ ಶ್ರೀರಂಗಪಟ್ಟಣದ ಪ್ರಶ್ನೆಗೇ ಮರಳಿದಂತಾಯಿತು.

ಪ್ರಶ್ನೆ: ಎಲ್ಲವನ್ನೂ ಓದಿಬಿಟ್ಟರೆ ಎಲ್ಲವೂ ತಿಳಿದಂತೆಯೇ?
— ಹೋಟೆಲ್ ಮಾಲೀಕರು, ಮದ್ದೂರು

ಉತ್ತರ: ಇಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬರೆಯುವುದಿಲ್ಲ. ಮದ್ದೂರು ವಡೆಯ ಬಗ್ಗೆ ರವೆ, ಈರುಳ್ಳಿ, ಗರಿಗರಿ ಎಂದೆಲ್ಲ ಬರೆದಿದ್ದಾರೆ; ವಡೆ ಮೇಜಿನಿಂದ ಬಿದ್ದರೆ ಕೆಳಗೇ ಹೋಗುತ್ತದೆ, ಮೇಲಕ್ಕೆ ಹಾರುವುದಿಲ್ಲ ಎಂದು ಬರೆದವರಿಲ್ಲ. ರೈಲು ಹಳಿ ತಪ್ಪಿದ್ದು ಸುದ್ದಿ, ದಿನವೂ ಮದ್ದೂರಿಗೆ ಬಂದು ನಿಂತದ್ದು ಸುದ್ದಿಯಲ್ಲ. ಬರಹವನ್ನಷ್ಟೇ ಎಣಿಸುವವನಿಗೆ ರೈಲುಗಳು ಹೆಚ್ಚಾಗಿ ಹಳಿ ತಪ್ಪುವಂಥವು ಎನಿಸೀತು. ಇಂಥ ಸಾಮಾನ್ಯ ಜ್ಞಾನವನ್ನು ಕೈಯಿಂದಲೇ ಬರೆದು ತುಂಬುತ್ತೇವೆಂದು ಡಗ್ಲಸ್ ಲೆನಾಟ್ 1984ರಲ್ಲಿ ‘ಸೈಕ್’ ಎಂಬ ಯೋಜನೆ ಆರಂಭಿಸಿದರು. ದಶಕಗಳು ಕಳೆದರೂ ತುಂಬುವ ಕೆಲಸ ಮುಗಿಯಲಿಲ್ಲ.

ಪ್ರಶ್ನೆ: ನಮ್ಮ ಊರ ಜಾತ್ರೆಗೆ ಅಚ್ಚು ಹಾಕಿಸಿದ ಕರಪತ್ರವನ್ನು ಲಗತ್ತಿಸಿದ್ದೇನೆ. ಊರಿನ ಚರಿತ್ರೆಯನ್ನು ಅದರಲ್ಲಿ ಬರೆದಿದ್ದೇವೆ. ಇದನ್ನು ಅಂತರಜಾಲಕ್ಕೆ ಹಾಕಿದರೆ ಯಂತ್ರ ಕಲಿಯುತ್ತದೆಯೇ?
— ಓದುಗರು, ಮಳವಳ್ಳಿ ತಾಲ್ಲೂಕು

ಉತ್ತರ: ಕರಪತ್ರದ ಫೋಟೋವನ್ನೇ ಹಾಕಿದರೆ ಅನುಮಾನ, ಯೂನಿಕೋಡ್ ಕನ್ನಡದಲ್ಲಿ ಟೈಪು ಮಾಡಿಸಿ ಹಾಕಿ. ಅದಕ್ಕಿಂತ ಮೊದಲು ಮೂರನೆಯ ಸಾಲನ್ನು ತಿದ್ದಬೇಕು. “ನಮ್ಮ ಕೆರೆಯನ್ನು ತಾತನವರ ಕಾಲದಲ್ಲಿ ಕಟ್ಟಿದ್ದು” ಎಂದಿದೆ. ಜಾತ್ರೆಗೆ ಬಂದವರಿಗೆ ಇದು ಸಾಕು, ಅವರು ಕೆರೆ ಏರಿಯ ಮೇಲೆಯೇ ನಿಂತು ಓದುತ್ತಿರುತ್ತಾರೆ. ಹೊರಗಿನ ಓದುಗನಿಗೆ, ಅವನು ಮನುಷ್ಯನಾಗಲಿ ಯಂತ್ರವಾಗಲಿ, ಯಾರ ಕೆರೆ, ಯಾರ ತಾತ, ಯಾವ ಕಾಲ ಒಂದೂ ತಿಳಿಯದು. ಕೆರೆಯ ಹೆಸರು, ಊರಿನ ಹೆಸರು, ತಾಲ್ಲೂಕು, ಜಿಲ್ಲೆ ನಾಲ್ಕನ್ನೂ ಅದೇ ವಾಕ್ಯದೊಳಗೆ ತನ್ನಿ; ಮುಂದಿನ ವಾಕ್ಯದಲ್ಲಿ ಬರೀ ‘ಅವರು’ ಎನ್ನದೆ ಹೆಸರನ್ನೇ ಮತ್ತೆ ಬರೆಯಿರಿ, ಸ್ವಲ್ಪ ಒರಟಾಗಿ ಕೇಳಿಸಿದರೂ ಚಿಂತೆಯಿಲ್ಲ. ತಾತನವರು ಹಣ ಕೊಟ್ಟವರಾದರೆ ‘ಕಟ್ಟಿಸಿದರು’ ಎಂದು ಮಾಡಿ. ಇಸವಿಯ ಜಾಗದಲ್ಲಿ ನೀವು ಪೆನ್ಸಿಲಿನಿಂದ ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೀರಿ. ಏರಿಯ ತೂಬಿನ ಬಳಿ ಕಲ್ಲಿನ ಮೇಲೆ ಏನಾದರೂ ಕೊರೆದಿದೆಯೇ ನೋಡಿಕೊಂಡು ಬನ್ನಿ; ಸಿಗದಿದ್ದರೆ ಇಸವಿಯನ್ನು ಬಿಟ್ಟೇ ಹಾಕಿ, ಆ ಪೆನ್ಸಿಲ್ ಅಂಕಿಯನ್ನು ಮಾತ್ರ ಟೈಪು ಮಾಡಿಸಬೇಡಿ.